ಜರ್ಮನ್ ನುಡಿಗಟ್ಟುಗಳನ್ನು ಅರಿಯುವ ಬಗೆ: ಹೊಸದಾಗಿ ಬಂದ ಕುಟುಂಬಗಳಿಗೆ

ಸ್ಟುಟ್‌ಗಾರ್ಟ್‌ಗೂ ಸುತ್ತಲಿನ ಊರುಗಳಿಗೂ ಹೊಸದಾಗಿ ಬಂದಿರುವ ಎಲ್ಲ ಕನ್ನಡ ಕುಟುಂಬಗಳಿಗೆ ನಮ್ಮ ಕೂಟದ ಪ್ರೀತಿಯ ಸ್ವಾಗತ. ವಿಳಾಸ ನೋಂದಣಿ, ಆರೋಗ್ಯ ವಿಮೆ, ಶಾಲಾ ದಾಖಲಾತಿಗಳ ವಿವರಗಳನ್ನು ಈ ಮಾರ್ಗದರ್ಶಿಯ ಬೇರೆ ಭಾಗಗಳಲ್ಲಿ ಕೊಟ್ಟಿದ್ದೇವೆ. ಊರಿನಲ್ಲೇ ಜರ್ಮನ್ ಭಾಷೆಯ ಬಿ1 (ಮಧ್ಯಮ ಹಂತದ) ಪರೀಕ್ಷೆ ಮುಗಿಸಿ ಬಂದವರಿಗೂ ಇಲ್ಲಿ ಒಂದು ತೊಡಕು ಎದುರಾಗುತ್ತದೆ: ಕೇಳಿದ ವಾಕ್ಯದ ಪ್ರತಿಯೊಂದು ಪದವೂ ಗೊತ್ತಿರುತ್ತದೆ, ಆದರೂ ಹೇಳಿದ್ದೇನೆಂದು ತಿಳಿಯುವುದಿಲ್ಲ. ಈ ಭಾಗವನ್ನು ಅಂಥ ಮಾತುಗಳಿಗಾಗಿಯೇ ಬರೆದಿದ್ದೇವೆ. ತಪ್ಪಾಗಿ ತಿಳಿದರೆ ನಕ್ಕು ಮರೆಯಬಹುದಾದ ಮಾತುಗಳಿವೆ, ತಪ್ಪಾಗಿ ತಿಳಿದರೆ ನಷ್ಟವಾಗುವ ಮಾತುಗಳೂ ಇವೆ. ಎರಡನೆಯ ಬಗೆಯವನ್ನು ಮೊದಲು ಕಲಿಯಿರಿ ಎಂಬುದು ನಮ್ಮ ಕಳಕಳಿಯ ಸಲಹೆ.

ಗಡಿಯಾರದಿಂದ ಆರಂಭಿಸೋಣ. ವೈದ್ಯರ ಸ್ವಾಗತಕಾರರು ಫೋನಿನಲ್ಲಿ 'ಹಾಲ್ಪ್ ಡ್ರೈ' ಎಂದರೆ ನೀವು ಹೋಗಬೇಕಾದದ್ದು ಎರಡೂವರೆಗೆ. 'ಹಾಲ್ಪ್' ಎಂದರೆ ಅರ್ಧ, 'ಡ್ರೈ' ಎಂದರೆ ಮೂರು ಎಂದು ಪದಕ್ಕೆ ಪದ ಜೋಡಿಸಿ ಮೂರೂವರೆಗೆ ಹೋದವರು ಒಂದು ಗಂಟೆ ತಡವಾಗಿ ತಲುಪುತ್ತಾರೆ, ವಾರಗಟ್ಟಲೆ ಕಾದು ಸಿಕ್ಕ ಸಮಯವೂ ಕೈತಪ್ಪುತ್ತದೆ. ನಾವು ಎರಡು ಗಂಟೆ ತುಂಬಿದ ಮೇಲೆ ಅರ್ಧವನ್ನು ಕೂಡಿಸುತ್ತೇವೆ; ಇಲ್ಲಿಯವರು ಮೂರನೆಯ ಗಂಟೆಯಲ್ಲಿ ಅರ್ಧ ತುಂಬಿತು ಎಂದು ಎಣಿಸುತ್ತಾರೆ. ಈ ಎಣಿಕೆ ಒಮ್ಮೆ ಮನಸ್ಸಿನಲ್ಲಿ ನಿಂತರೆ, ನಮ್ಮ ಸೀಮೆಯ ಹಿರಿಯರು ಹೇಳುವ 'ಫಿರ್ಟೆಲ್ ಡ್ರೈ' ಎಂದರೆ ಎರಡೂಕಾಲು, 'ಡ್ರೈಫಿರ್ಟೆಲ್ ಡ್ರೈ' ಎಂದರೆ ಎರಡೂಮುಕ್ಕಾಲು ಎಂಬುದೂ ತಾನಾಗಿ ತಿಳಿಯುತ್ತದೆ. ಆದರೂ ಕೇಳಿದ ಸಮಯವನ್ನು 24 ಗಂಟೆಯ ಲೆಕ್ಕದಲ್ಲಿ, ಅಂದರೆ '14 ಊರ್ 30' ಎಂದು ತಿರುಗಿ ಹೇಳಿ ಖಚಿತಪಡಿಸಿಕೊಳ್ಳಿ. 'ಹೊಯ್ಟೆ ಇನ್ ಆಖ್ಟ್ ಟಾಗೆನ್' ಎಂಬ ಮಾತಿನಲ್ಲಿ 'ಎಂಟು ದಿನ' ಎಂದಿದ್ದರೂ ಅರ್ಥ ಮುಂದಿನ ವಾರದ ಇದೇ ದಿನ ಎಂದೇ. ಇದು ನಮಗೆ ಕಷ್ಟವಾಗಬಾರದು. ಸೋಮವಾರದಿಂದ ಸೋಮವಾರಕ್ಕೆ ಎಂಟು ದಿನ ಎಂದು ನಮ್ಮ ಅಜ್ಜಿಯರೂ ಎಣಿಸುತ್ತಿದ್ದರು.

ಎರಡನೆಯದು ಹೌದು ಮತ್ತು ಇಲ್ಲಗಳ ವಿಚಾರ. ಅಲರ್ಜಿ ಏನೂ ಇಲ್ಲವಲ್ಲ ಎಂದು ವೈದ್ಯರು ಕೇಳಿದರೆ ನಾವು ಕನ್ನಡದಲ್ಲಿ 'ಹೌದು, ಇಲ್ಲ' ಎನ್ನುತ್ತೇವೆ, ಏಕೆಂದರೆ ಅವರ ಮಾತು ಸರಿ ಎಂದು ಒಪ್ಪುವುದು ನಮ್ಮ ರೂಢಿ. ಅದೇ ಅಭ್ಯಾಸದಲ್ಲಿ ಜರ್ಮನ್ನಿನಲ್ಲಿ 'ಯಾ', ಅಂದರೆ 'ಹೌದು', ಎಂದು ನಿಲ್ಲಿಸಿದರೆ ಅಲರ್ಜಿ ಇದೆಯೋ ಇಲ್ಲವೋ ಎಂದು ಕೇಳಿದವರಿಗೆ ತಿಳಿಯದು. ಇಲ್ಲದಿದ್ದರೆ 'ನೈನ್' ಎನ್ನಬೇಕು. ಇದ್ದರೆ 'ಡೊಖ್' ಎನ್ನಬೇಕು. ಈ 'ಡೊಖ್' ಎಂಬುದಕ್ಕೆ ಒಂಟಿ ಪದ ನಮ್ಮಲ್ಲಿಲ್ಲ, 'ಇದೆಯಲ್ಲ!' ಎಂದು ಒತ್ತಿ ಹೇಳುವಾಗಿನ ದನಿಯೇ ಅದರ ಅನುವಾದ.

ವೈದ್ಯರ ಬಳಿ ಎಚ್ಚರ ಬೇಕಾದ ಮಾತುಗಳು ಇನ್ನೂ ಇವೆ. ಶಾಲೆಯಿಂದ ಫೋನ್ ಬಂದು ನಿಮ್ಮ ಮಗುವಿಗೆ 'ಇಸ್ಟ್ ಶ್ಲೆಶ್ಟ್' ಎಂದರೆ ಮಗು ಕೆಟ್ಟದಾಗಿ ನಡೆದುಕೊಂಡಿತೆಂದು ಗಾಬರಿಯಾಗಬೇಡಿ. ಮಗುವಿಗೆ ಹೊಟ್ಟೆ ತೊಳಸುತ್ತಿದೆ ಎಂದಷ್ಟೇ ಅದರರ್ಥ, ಕರೆದುಕೊಂಡು ಬರಲು ಹೊರಡಿ. 'ಹೆಕ್ಸೆನ್‌ಶುಸ್' ಎಂದರೆ ಪದಶಃ ಮಾಟಗಾತಿಯ ಹೊಡೆತ, ನಮ್ಮ ಮಾತಿನಲ್ಲಿ ಸೊಂಟ ಹಿಡಿದುಕೊಂಡಿದೆ. ನಾವು ತೊಡೆಯಿಂದ ಪಾದದವರೆಗೆ ಎಲ್ಲವನ್ನೂ ಕಾಲು ಎನ್ನುವಂತೆ ನಮ್ಮ ಈ ಸೀಮೆಯ ಶ್ವಾಬಿಯನ್ ಆಡುಮಾತಿನಲ್ಲಿಯೂ 'ಫೂಸ್' ಎಂದರೆ ಇಡೀ ಕಾಲು, ಆದರೆ ಪಠ್ಯಪುಸ್ತಕದ ಜರ್ಮನ್ನಿನಲ್ಲಿ ಅದು ಪಾದ ಮಾತ್ರ. ಆದ್ದರಿಂದ ನೋವಿರುವ ಜಾಗವನ್ನು ಮುಟ್ಟಿ ತೋರಿಸಿ. ನಮ್ಮ 'ಉಷ್ಣ ಆಗಿದೆ' ಎಂಬ ಮಾತನ್ನು ಮಾತ್ರ ಅನುವಾದಿಸಲು ಹೋಗಲೇಬೇಡಿ: 'ಇಶ್ ಬಿನ್ ಹೈಸ್' ಎಂದರೆ ಕಾಮಾಸಕ್ತಿಯ ಅರ್ಥ ಬಂದು ಮುಜುಗರವಾಗುತ್ತದೆ, 'ಮಿರ್ ಇಸ್ಟ್ ಹೈಸ್' ಎಂದರೆ ಸೆಕೆಯಾಗುತ್ತಿದೆ ಎಂದಾಗುತ್ತದೆ. ಬಾಯಿ ಹುಣ್ಣೋ ಉರಿಮೂತ್ರವೋ, ಇರುವ ಲಕ್ಷಣವನ್ನೇ ಹೇಳಬೇಕು.

'ಬೆಶೈಟ್' ಎಂಬ ಪದವನ್ನು ದಯವಿಟ್ಟು ಗಮನವಿಟ್ಟು ಓದಿ. ಪಕ್ಕದ ಮನೆಯವರು 'ಬೆಶೈಟ್ ಹೇಳಿ' ಎಂಬರ್ಥದ ಮಾತಾಡಿದರೆ, 'ಒಂದು ಮಾತು ತಿಳಿಸಿ' ಎಂದು ಕೇಳುತ್ತಿದ್ದಾರೆ, ಅಷ್ಟೆ. ಅದೇ ಪದ ಸರ್ಕಾರಿ ಕಾಗದದ ತಲೆಬರಹದಲ್ಲಿದ್ದರೆ ಅದು ಅಧಿಕೃತ ತೀರ್ಮಾನ. ಅದಕ್ಕೆ ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ 1 ತಿಂಗಳ ಗಡುವಿರುತ್ತದೆ, ಎಲ್ಲಿ ಮತ್ತು ಹೇಗೆ ಸಲ್ಲಿಸಬೇಕೆಂಬುದು ಕಾಗದದ ಕೊನೆಯಲ್ಲಿ 'ರೆಶ್ಟ್ಸ್‌ಬೆಹೆಲ್ಫ್ಸ್‌ಬೆಲೇರುಂಗ್' ಎಂಬ ಶೀರ್ಷಿಕೆಯಡಿ ಇರುತ್ತದೆ. ಹಳದಿ ಲಕೋಟೆಯಲ್ಲಿ ಬಂದ ಪತ್ರವಾದರೆ ಅಂಚೆಯವರು ಲಕೋಟೆಯ ಮೇಲೆ ಬರೆದ ದಿನಾಂಕವೇ ಗಡುವಿನ ಲೆಕ್ಕಕ್ಕೆ ಬರುವುದರಿಂದ ಲಕೋಟೆಯನ್ನು ಎಸೆಯಬೇಡಿ. ಫೋನಿನ ಅನುವಾದ ತಂತ್ರಾಂಶ ಇಂಥ ಪತ್ರದ ಸಾರವನ್ನು ತಿಳಿಸಬಹುದು, ಆದರೆ ಗಡುವಿನ ವಿಷಯದಲ್ಲಿ ಅದನ್ನೇ ನೆಚ್ಚಿಕೊಂಡು ಕೂರಬಾರದು.

ಕೆಲಸ ಬದಲಿಸುವವರಿಗೆ ಇನ್ನೊಂದು ಮಾತು. ಹಳೆಯ ಸಂಸ್ಥೆ ಕೊಡುವ ಪ್ರಮಾಣಪತ್ರದಲ್ಲಿ ಬೈಗುಳ ಇರುವುದಿಲ್ಲ, ಪ್ರತಿ ವಾಕ್ಯವೂ ಹೊಗಳಿಕೆಯಂತೆಯೇ ಕಾಣುತ್ತದೆ. ಇಲ್ಲಿ ಅಂಕಗಳಲ್ಲಿ 1 ಎಂಬುದೇ ಉತ್ತಮ ಎಂಬುದನ್ನು ನೆನಪಿಟ್ಟು ಓದಿ. 'ಸದಾ ನಮ್ಮ ಪೂರ್ಣಾತಿಪೂರ್ಣ ತೃಪ್ತಿಗೆ' ಎಂದಿದ್ದರೆ 1, 'ಸದಾ ಪೂರ್ಣ ತೃಪ್ತಿಗೆ' ಎಂದಿದ್ದರೆ 2, 'ಸದಾ' ಬಿಟ್ಟುಹೋದರೆ 3, 'ಪೂರ್ಣ' ಎಂಬುದೂ ಹೋಗಿ ಬರೀ 'ನಮ್ಮ ತೃಪ್ತಿಗೆ' ಎಂದಾದರೆ 4. 'ಶ್ರಮಪಟ್ಟರು' ಎಂದಷ್ಟೇ ಬರೆದಿದ್ದರೆ ಕೆಲಸ ಆಗಲಿಲ್ಲ ಎಂದರ್ಥ. ಇದನ್ನು ಕನ್ನಡಕ್ಕೋ ಇಂಗ್ಲಿಷಿಗೋ ನೇರವಾಗಿ ತಂದುಕೊಂಡು ಸಂತೋಷಪಟ್ಟವರು ಮುಂದಿನ ಸಂದರ್ಶನದಲ್ಲಿ ನೊಂದುಕೊಳ್ಳುತ್ತಾರೆ, ಆದ್ದರಿಂದ ಅನುಭವಸ್ಥರೊಬ್ಬರಿಗೆ ತೋರಿಸಿ. ಬಾಯಿಮಾತಿನಲ್ಲಿ ಶ್ವಾಬಿಯಾದ ರೀತಿಯೇ ಬೇರೆ. ಬೈಯದಿದ್ದರೆ ಅದೇ ಸಾಕಷ್ಟು ಹೊಗಳಿಕೆ ಎಂಬುದು ಇಲ್ಲಿಯ ಗಾದೆ. ಶಿಕ್ಷಕಿ ನಿಮ್ಮ ಮಗುವಿನ ಬಗ್ಗೆ 'ಪಾಸ್ಟ್', ಅಂದರೆ 'ಸರಿಯಿದೆ' ಎಂದಷ್ಟೇ ಹೇಳಿ ಮುಗಿಸಿದರೆ ಬೇಸರ ಬೇಡ.

ದಿನನಿತ್ಯದ ಉಪಚಾರದ ಮಾತುಗಳು ಹಗುರ. ಮಧ್ಯಾಹ್ನ ಕಚೇರಿಯ ಓಣಿಯಲ್ಲಿ ಎದುರಾದವರು 'ಮಾಲ್‌ತ್ಸೈಟ್' ಎಂದರೆ 'ಊಟ' ಎಂದು ಹೇಳಿದಂತೆ. ನೀವೂ ಅದನ್ನೇ ಹೇಳಿ ಮುಂದೆ ನಡೆಯಿರಿ. ನಮ್ಮ 'ಊಟ ಆಯ್ತಾ?' ಎಂಬುದಕ್ಕೆ ಇದು ಹತ್ತಿರದ ನಂಟ. ಆದರೆ ನಮ್ಮದನ್ನು ಪ್ರಶ್ನೆಯಾಗಿಯೇ ಜರ್ಮನ್ನಿಗೆ ತಿರುಗಿಸಿದರೆ ಅವರು ಊಟಕ್ಕೆ ಕರೆಯುತ್ತಿದ್ದೀರೆಂದು ತಿಳಿಯುತ್ತಾರೆ. ಸಂಜೆ ಹೊರಡುವಾಗ ಹೇಳುವ 'ಶೋನೆನ್ ಫೈಯರ್‌ಆಬೆಂಟ್' ಎಂಬುದರಲ್ಲಿ ಕೆಲಸ ಮುಗಿದ ಮೇಲಿನ ಹೊತ್ತು ನಿಮ್ಮದು ಎಂಬ ಹಾರೈಕೆಯಿದೆ. ಇದಕ್ಕೆ ಕನ್ನಡದಲ್ಲಿ ಸಿದ್ಧಮಾತು ನಮಗಿನ್ನೂ ಸಿಕ್ಕಿಲ್ಲ.

ಪರೀಕ್ಷೆಯ ದಿನ ಗೆಳೆಯರು ನಿಮ್ಮ ಮಗುವಿಗೆ ಹೆಬ್ಬೆರಳು ಒತ್ತುತ್ತೇವೆ ಎಂದರೆ ಅದು 'ಒಳ್ಳೆಯದಾಗಲಿ'. 'ಬರೀ ರೈಲು ನಿಲ್ದಾಣವಷ್ಟೇ ಅರ್ಥವಾಯಿತು' ಎಂದರೆ 'ತಲೆಬುಡ ತಿಳಿಯಲಿಲ್ಲ'. ಇಂಥ ಮಾತು ಕಿವಿಗೆ ಬಿದ್ದಾಗ ಪದಗಳನ್ನು ಬದಿಗಿಟ್ಟು, ಇದೇ ಸಂದರ್ಭದಲ್ಲಿ ನಮ್ಮ ಮನೆಯಲ್ಲಿ ಏನೆನ್ನುತ್ತಿದ್ದರು ಎಂದು ಕೇಳಿಕೊಳ್ಳಿ. ಇಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಟ್ಯೂಬಿಂಗೆನ್‌ನಲ್ಲಿ 1903ರಲ್ಲಿ ತೀರಿಕೊಂಡ ಫರ್ಡಿನೆಂಡ್ ಕಿಟೆಲ್ ಅವರು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ಕನ್ನಡ ನಿಘಂಟಿನಲ್ಲಿ ಪದಗಳ ಜೊತೆಗೆ ಗಾದೆಗಳನ್ನೂ ಸೇರಿಸಿದರು. ನಮ್ಮ ಭಾಷೆಗೆ ಒಬ್ಬ ಜರ್ಮನ್ ಮಾಡಿದ ಆ ಉಪಕಾರವನ್ನು ನೆನೆದು, ಕೇಳಿದ ಮಾತನ್ನೂ ಕೇಳಿದ ಸಂದರ್ಭವನ್ನೂ ಒಂದು ಪುಸ್ತಕದಲ್ಲಿ ಬರೆದಿಡಲು ಎಲ್ಲ ಕುಟುಂಬಗಳಿಗೂ ಹೇಳುತ್ತೇವೆ.

ಮಕ್ಕಳು ಭಾಷೆಯನ್ನು ನಮಗಿಂತ ಬೇಗ ಹಿಡಿಯುತ್ತಾರೆ. ಆದರೂ ಆಸ್ಪತ್ರೆಯಲ್ಲಾಗಲಿ ಕಚೇರಿಯಲ್ಲಾಗಲಿ ಅವರನ್ನು ದುಭಾಷಿಗಳನ್ನಾಗಿ ಮಾಡಬೇಡಿ; ಅದು ಅವರ ವಯಸ್ಸಿಗೆ ಮೀರಿದ ಹೊಣೆ. ಕೂಟಕ್ಕೆ ಮುಂಚೆಯೇ ತಿಳಿಸಿದರೆ ಜೊತೆಗೆ ಬರುವ ಹಿರಿಯರಿದ್ದಾರೆ. ಒಬ್ಬರೇ ಇದ್ದಾಗ ಉಪಯೋಗಕ್ಕೆ ಬರುವ ಎರಡು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಳ್ಳಿ: 'ವಾಸ್ ಮೈನೆನ್ ಜೀ ಡಾಮಿಟ್?' ಎಂದರೆ ಹಾಗೆಂದರೇನು ಎಂದು ಕೇಳಿದಂತೆ, 'ಬಿಟ್ಟೆ ಶ್ರೈಬೆನ್ ಜೀ ಎಸ್ ಮಿರ್ ಆಉಫ್' ಎಂದರೆ ದಯವಿಟ್ಟು ಬರೆದುಕೊಡಿ ಎಂದಂತೆ.