ಪುಣೆಯಲ್ಲಿ ಮಕ್ಕಳ ಕಾಲೇಜು ಫೀಸಿಗೆ ಎಲ್ಲಿ ಅರ್ಜಿ ಹಾಕಬೇಕು?

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಮಕ್ಕಳನ್ನು ಇಲ್ಲಿ ಕಾಲೇಜಿಗೆ ಸೇರಿಸಿದವರು ಫೀಸು ನೋಡಿ ಗಾಬರಿಯಾಗಿ ಸ್ಕಾಲರ್‌ಶಿಪ್ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ. ನಿಮ್ಮ ಕಾಗದಪತ್ರ ಯಾವ ರಾಜ್ಯದ್ದು?

ಮಹಾರಾಷ್ಟ್ರ ಸರ್ಕಾರದ ಸ್ಕಾಲರ್‌ಶಿಪ್ ತಾಣ ಮಹಾಡಿಬಿಟಿಯಲ್ಲಿ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿರುವ ಶಾಹು ಮಹಾರಾಜ ಯೋಜನೆ ಒಳ್ಳೆಯದೇ. ವರ್ಷಕ್ಕೆ 8 ಲಕ್ಷದೊಳಗೆ ಆದಾಯವಿರುವ ಮನೆಯ ಮಕ್ಕಳಿಗೆ ಟ್ಯೂಷನ್ ಫೀಸಿನಲ್ಲಿ ಅರ್ಧ ಸಿಗುತ್ತದೆ, ವೃತ್ತಿ ಕೋರ್ಸಿನ ಹೆಣ್ಣುಮಕ್ಕಳಿಗೆ 2024-25ರಿಂದ ಪೂರ್ತಿ. ಆದರೆ ಮಹಾರಾಷ್ಟ್ರದ ಡೊಮಿಸೈಲ್, ಅಂದರೆ ಇಲ್ಲಿಯ ನಿವಾಸಿ ಎಂಬ ಪ್ರಮಾಣಪತ್ರ ಬೇಕು, ಅದಕ್ಕೆ 15 ವರ್ಷ ಇಲ್ಲಿದ್ದ ದಾಖಲೆ ಬೇಕು. ಈಗ ತಾನೇ ಬಂದವರು ಸುಮ್ನೆ ಆ ಪ್ರಮಾಣಪತ್ರಕ್ಕೆ ಅರ್ಜಿ ತೆಗೆದುಕೊಳ್ಳುವ ಸೇತು ಕೇಂದ್ರಕ್ಕೆ ಅಲೆಯಬೇಡಿ.

ಎಸ್‌ಸಿ, ಎಸ್‌ಟಿ ಮಕ್ಕಳಿದ್ದರೆ ಊರಿನ ಜಾತಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೊಡಬೇಕಾದ್ದು ಓದುವ ರಾಜ್ಯವಲ್ಲ, ನಿಮ್ಮ ಸ್ವಂತ ರಾಜ್ಯ. ಹಾಗಾಗಿ ಕರ್ನಾಟಕ ಸರ್ಕಾರದ ವಿದ್ಯಾರ್ಥಿವೇತನ ತಾಣ ಎಸ್‌ಎಸ್‌ಪಿಯಲ್ಲೇ ವಿಚಾರಿಸಿ. ಇನ್ನು ಕೇಂದ್ರ ಸರ್ಕಾರದ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ಗೆ ಊರಿನ ಗಡಿ ಇಲ್ಲ. ಪಿಯುಸಿಯಲ್ಲಿ ನಿಮ್ಮ ಬೋರ್ಡಿನ ಮೊದಲ 20 ಶೇಕಡಾ ಮಕ್ಕಳಲ್ಲಿದ್ದು, ಮನೆಯ ಆದಾಯ 4.5 ಲಕ್ಷದೊಳಗಿದ್ದರೆ ಪದವಿಗೆ ವರ್ಷಕ್ಕೆ 12,000 ರೂಪಾಯಿ. ಕರ್ನಾಟಕ ಬೋರ್ಡಿನವರು ಇಲ್ಲಿ ಓದಿದರೂ ಹಾಕಬಹುದು.

ಮಾಜಿ ಸೈನಿಕರ ಮನೆಯವರು ಇದನ್ನು ನಿಧಾನವಾಗಿ ಓದಿ. ಖಡ್ಕಿ, ದೇಹೂರೋಡ್ ಕಡೆ ನಮ್ಮವರು ಎಷ್ಟೊಂದು ಜನ ಇದ್ದಾರೆ, ಆದರೂ ಹಕ್ಕಿನ ಹಣ ಕೈತಪ್ಪುವುದನ್ನು ನೋಡಿ ಬೇಜಾರಾಗುತ್ತದೆ. ಪ್ರಧಾನಮಂತ್ರಿ ಸ್ಕಾಲರ್‌ಶಿಪ್‌ನಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿ. ಪಿಯುಸಿಯಲ್ಲಿ 60 ಶೇಕಡಾ ಬೇಕು, ಇಂಜಿನಿಯರಿಂಗ್, ಮೆಡಿಕಲ್, ಬಿಬಿಎ, ಬಿಸಿಎಯಂಥ ವೃತ್ತಿ ಕೋರ್ಸ್ ಆಗಿರಬೇಕು, ಮೊದಲ ವರ್ಷದಲ್ಲೇ ಕೇಂದ್ರೀಯ ಸೈನಿಕ ಮಂಡಳಿಯ ತಾಣದಲ್ಲಿ ಅರ್ಜಿ ಹಾಕಬೇಕು. ಬಿಎ, ಬಿಕಾಂ ಓದುವವರಿಗೆ ಇದು ಇಲ್ಲ. ಆದರೆ ಅಪ್ಪ ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನ ರ‍್ಯಾಂಕಿನಲ್ಲಿ ನಿವೃತ್ತರಾಗಿದ್ದರೆ ಅದೇ ಮಂಡಳಿಯ ಶಿಕ್ಷಣ ಅನುದಾನ ಇಬ್ಬರು ಮಕ್ಕಳವರೆಗೆ ಸಿಗುತ್ತದೆ, 2025ರ ನವೆಂಬರ್ 1ರಿಂದ ಅದು ತಿಂಗಳಿಗೆ 2,000 ರೂಪಾಯಿ ಆಗಿದೆ.

ಎಡವುವುದು ಜಾಸ್ತಿ ಹೆಸರಿನಲ್ಲಿ. ನಮ್ಮಲ್ಲಿ ಇನಿಷಿಯಲ್ ಹಾಕಿ ಮುಗಿಸುತ್ತೇವೆ, ಇಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರನ್ನೂ ಕೇಳುತ್ತಾರೆ. ಸೇನೆಯಿಂದ ನಿವೃತ್ತರಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್ ಇದೆಯಲ್ಲ, ನನ್ನ ಭಾವನ ಬುಕ್‌ನಲ್ಲಿ ಮಗಳದ್ದು ಮನೆಯಲ್ಲಿ ಕರೆಯುವ ಹೆಸರಿತ್ತು, ಮಾರ್ಕ್ಸ್ ಕಾರ್ಡಿನಲ್ಲಿ ಬೇರೆ. ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿನಿಂದ ತಿದ್ದಿಸಿಕೊಂಡು ಬರುವಷ್ಟರಲ್ಲಿ ಕೊನೆಯ ದಿನ ದಾಟಿತ್ತು. ಮೊದಲ ವರ್ಷದವರಿಗೆ ಮಾತ್ರ ಅಂದೆನಲ್ಲ, ಮರುವರ್ಷ ಹಾಕಲೂ ಆಗಲಿಲ್ಲ. ವರ್ಷಕ್ಕೆ 36,000 ರೂಪಾಯಿ, ಇಡೀ ಕೋರ್ಸಿನದ್ದು ಹೋಯಿತು. ಆ ಹುಡುಗಿ ಅತ್ತದ್ದು ಇನ್ನೂ ಕಣ್ಣಮುಂದಿದೆ.

ಅದಕ್ಕೇ ಮಗು ಹತ್ತನೆಯಲ್ಲಿರುವಾಗಲೇ ಡಿಸ್ಚಾರ್ಜ್ ಬುಕ್, ಆಧಾರ್, ಮಾರ್ಕ್ಸ್ ಕಾರ್ಡ್ ಮೂರನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿ. ನಿಮ್ಮ ಹೆಸರು ಇನ್ನೂ ಊರಿನ ಸೈನಿಕ ಕಚೇರಿಯಲ್ಲೇ ಇದ್ದರೆ, ಇಲ್ಲಿಯ ಜಿಲ್ಲಾ ಸೈನಿಕ ಕಲ್ಯಾಣ ಕಾರ್ಯಾಲಯಕ್ಕೆ ವರ್ಗಾಯಿಸಿಕೊಳ್ಳುವ ಬಗ್ಗೆ ಅಲ್ಲೇ ಕೇಳಿ, ಅರ್ಜಿಯ ಹೊತ್ತಿಗೆ ರಜೆ ಹಾಕಿ ಊರಿಗೆ ಓಡುವುದು ತಪ್ಪುತ್ತದೆ.