ನೆಂಟರನ್ನು ಬಸವನಗುಡಿಗೆ ತಿಂಡಿಗೆ ಕರೆದುಕೊಂಡು ಹೋಗುವುದು ಹೇಗೆ?

ಹೋದ ತಿಂಗಳು ಬೆಂಗಳೂರಿನ ಗಾಂಧಿಬಜಾರಿನ ವಿದ್ಯಾರ್ಥಿ ಭವನ ಹೋಟೆಲಿನಲ್ಲಿ ನನ್ನ ಎದುರಿಗೆ ಒಂದು ಕುಟುಂಬ ಕೂತಿತ್ತು. ಮಗ, ಸೊಸೆ, ಮೊಮ್ಮಗಳು, ಊರಿಂದ ಬಂದ ಅಪ್ಪ. ಮಗ ಕೂತ ತಕ್ಷಣ ಇಡ್ಲಿ, ಪೂರಿ, ಖಾರಾಬಾತ್, ಕೇಸರಿಬಾತ್, ಮಸಾಲೆ ದೋಸೆ, ಎಲ್ಲ ಒಟ್ಟಿಗೆ ಹೇಳಿಬಿಟ್ಟರು. ದೋಸೆ ಬರುವ ಹೊತ್ತಿಗೆ ಅಪ್ಪನ ಹೊಟ್ಟೆ ಪೂರಿಯಲ್ಲೇ ತುಂಬಿತ್ತು. ಅವರು ದೋಸೆಯ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ ಅಂದು, ತಟ್ಟೆಯನ್ನು ಮೆಲ್ಲಗೆ ಮಗನ ಕಡೆ ಸರಿಸಿದರು. ಅವರು ಅಷ್ಟು ದೂರದಿಂದ ಬಂದದ್ದೇ ಆ ದೋಸೆಗೆ. ಇಂಥದ್ದನ್ನು ನೋಡಿ ನೋಡಿ ಬೇಜಾರಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದಿನ ಗೊತ್ತು ಮಾಡಿ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಅಲ್ಲಿ ದೋಸೆ ಆದಮೇಲೆ ಇಡ್ಲಿಗೆ ಹೋಗುವ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ ರಜೆ. ಎರಡೂ ಒಂದೇ ಬೆಳಿಗ್ಗೆ ಆಗಬೇಕು, ಆಫೀಸಿಗೂ ರಜೆ ಇರಬೇಕು ಅಂದರೆ ಉಳಿಯುವುದು ಶನಿವಾರ. ಎಷ್ಟೋ ಜನ ಭಾನುವಾರ ಹೋಗಿ ಮುಚ್ಚಿದ ಬಾಗಿಲು ನೋಡಿ ವಾಪಸ್ ಬರುತ್ತಾರೆ.

ಕಾರು ಬೇಡ. ಹಸಿರು ಮಾರ್ಗದ ಮೆಟ್ರೊ ಹತ್ತಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆಯಿರಿ. ವಯಸ್ಸಾದವರಿದ್ದರೆ ಆಟೊ.

ಏಳು ಗಂಟೆಗೆ ಮೊದಲೇ ವಿದ್ಯಾರ್ಥಿ ಭವನದ ಬಾಗಿಲಲ್ಲಿ ಇರಿ. ಎಂಟು ದಾಟಿದರೆ ಶನಿವಾರ ರಸ್ತೆಯಲ್ಲಿ ಜನ ನಿಂತಿರುತ್ತಾರೆ. ರಶ್ ಇದ್ದಾಗ ಬಾಗಿಲ ಬಳಿ ಹೆಸರು, ಎಷ್ಟು ಜನ ಅಂತ ಬರೆಸಿ, ಕೂಗುವವರೆಗೆ ಕಾಯಬೇಕು. ಹೆಸರು ಬರೆಸದೆ ಸುಮ್ನೆ ಗುಂಪಿನಲ್ಲಿ ನಿಂತವರು ಅರ್ಧ ಗಂಟೆ ಆದಮೇಲೆ ಪೆಚ್ಚಾಗುವುದನ್ನು ನೋಡಿದ್ದೇನೆ. ಬರೆಸಿದ ಮೇಲೆ ಕೂಗು ಕೇಳುವಷ್ಟು ಹತ್ತಿರದಲ್ಲೇ ಇರಿ. ಟೇಬಲ್ ಹಂಚಿಕೊಳ್ಳಬೇಕಾಗುತ್ತದೆ ಅಂತ ನೆಂಟರಿಗೆ ಮೊದಲೇ ಹೇಳಿ. ಅಪರಿಚಿತರ ಎದುರು ಕೂತು ತಿನ್ನುವುದು ಕೆಲವರಿಗೆ ಮುಜುಗರ. ಆದರೆ 1943ರಲ್ಲಿ ಶುರುವಾದ ಈ ಸಣ್ಣ ಹೋಟೆಲಿನಲ್ಲಿ ಬೇರೆ ದಾರಿ ಇಲ್ಲ.

ಈಗ ಎಲ್ಲರೂ ತಪ್ಪುವ ಜಾಗ. ಆರ್ಡರ್.

ಲೆಕ್ಕ ಹೀಗೆ ಹಾಕಿ. ಇವತ್ತು ಎರಡು ಹೋಟೆಲಿನಲ್ಲಿ ತಿನ್ನಬೇಕು, ಮಧ್ಯೆ ನಡಿಗೆ ಇದೆ. ಹಾಗಾಗಿ ಇಲ್ಲಿ ತಲೆಗೆ ಒಂದು ಮಸಾಲೆ ದೋಸೆ, ಅಷ್ಟೇ. ಕಡಿಮೆ ತಿನ್ನುವವರಿದ್ದರೆ ಇಬ್ಬರಿಗೆ ಒಂದು. ಇಡ್ಲಿ ಇಲ್ಲಿ ಬೇಡ, ಅದಕ್ಕೆ ಮುಂದಿನ ಜಾಗ ಇದೆ. ಪೂರಿ ಯಾವ ಕಾರಣಕ್ಕೂ ಬೇಡ. ಪೂರಿ ಕೆಟ್ಟದ್ದು ಅಂತಲ್ಲ, ಎರಡು ಪೂರಿ ಒಳಗೆ ಹೋದರೆ ಆ ಬೆಳಿಗ್ಗೆ ಅಲ್ಲಿಗೇ ಮುಗಿಯಿತು. ಮಕ್ಕಳು ಸಿಹಿ ಬೇಕು ಅಂದರೆ ಒಂದು ಕೇಸರಿಬಾತ್ ತರಿಸಿ ಎಲ್ಲರೂ ಒಂದೊಂದು ಚಮಚ ತಿನ್ನಿ. ಇನ್ನೊಂದು ದೋಸೆ ಬೇಕು ಅನ್ನಿಸಿದರೆ ಮೊದಲನೆಯದು ಮುಗಿಯುತ್ತಾ ಬಂದಾಗ ಹೇಳಿ, ಮೊದಲೇ ಎರಡು ಹೇಳಬೇಡಿ. ಎರಡನೆಯದು ತಟ್ಟೆಯಲ್ಲಿ ಕಾಯುತ್ತಾ ಆರಿಹೋಗುತ್ತದೆ. ದೋಸೆ ನಮಗಾಗಿ ಕಾಯಬಾರದು, ನಾವು ದೋಸೆಗಾಗಿ ಕಾಯಬೇಕು. ಕಾಯುವಾಗ ಗೋಡೆ ಮೇಲಿನ ಚಿತ್ರಗಳನ್ನು ನೋಡಿ. ಕನ್ನಡದ ಸಾಹಿತಿಗಳು ಯಾರು ಯಾರು ಅಂತ ನೆಂಟರಿಗೆ ತೋರಿಸಿ, ಮಕ್ಕಳಿಗೆ ಗುರುತು ಹಿಡಿಯಲು ಹೇಳಿ.

ಆಮೇಲೆ ಒಳಗಿನಿಂದ ಪಂಚೆ ಉಟ್ಟ ಸಪ್ಲೈಯರ್ ಬರುತ್ತಾರೆ. ಒಂದು ತೋಳಿನ ಮೇಲೆ ಅಂಗೈಯಿಂದ ಭುಜದವರೆಗೆ ದೋಸೆ ತಟ್ಟೆಗಳು ಒಂದರ ಮೇಲೊಂದು ಏರಿರುತ್ತವೆ. ಇನ್ನೊಂದು ಕೈಯಿಂದ ಮೇಲಿನ ತಟ್ಟೆ ತೆಗೆದು ಟೇಬಲ್ ಮೇಲೆ ಇಡುತ್ತಾ ಬರುತ್ತಾರೆ, ಉಳಿದವು ಅಲ್ಲಾಡುವುದಿಲ್ಲ. ಫೋಟೊ ತೆಗೆಯುವುದಿದ್ದರೆ ಆಗಲೇ ತೆಗೆಯಿರಿ. ತಟ್ಟೆ ನಿಮ್ಮ ಮುಂದೆ ಬಂದಮೇಲೆ ಫೋನ್ ಒಳಗಿಡಿ.

ಇಲ್ಲಿಯ ದೋಸೆ ಪೇಪರ್ ದೋಸೆ ಅಲ್ಲ. ದಪ್ಪ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಅಂಚಿನಿಂದ ಶುರು ಮಾಡಿ, ಮೊದಲ ಎರಡು ತುತ್ತು ಏನನ್ನೂ ಹಚ್ಚದೆ ತಿನ್ನಿ. ತುಪ್ಪದ ಘಮ, ಹುದುಗಿದ ಹಿಟ್ಟಿನ ಸಣ್ಣ ಹುಳಿ ಆಗ ಮಾತ್ರ ಬೇರೆಬೇರೆಯಾಗಿ ಗೊತ್ತಾಗುತ್ತದೆ. ಆಮೇಲೆ ಚಟ್ನಿ. ಇಲ್ಲಿಯ ಚಟ್ನಿ ನೀರಾಗಿ ಇರುತ್ತದೆ, ಕೇಳಿದಷ್ಟು ಹಾಕುತ್ತಾರೆ. ಆದರೆ ದೋಸೆ ಮೇಲೆ ಸುರಿಸಿಕೊಳ್ಳಬೇಡಿ, ಪಕ್ಕದಲ್ಲಿ ಹಾಕಿಸಿಕೊಳ್ಳಿ. ದೋಸೆಯ ಮೇಲೆ ಚಟ್ನಿ ನಿಂತರೆ ಎರಡೇ ನಿಮಿಷಕ್ಕೆ ಗರಿ ಹೋಗಿ ಚಪ್ಪೆಯಾಗುತ್ತದೆ. ಮಧ್ಯದ ಪಲ್ಯವನ್ನು ಕೊನೆಗೆ ಬಿಡದೆ ಪ್ರತಿ ತುತ್ತಿಗೂ ಸ್ವಲ್ಪ ಸ್ವಲ್ಪ ಎಳೆದುಕೊಳ್ಳಿ. ಚಮಚ, ಫೋರ್ಕ್ ಬೇಡ. ಬೆರಳಿಗೆ ಬಿಸಿ ತಾಗುವ ಹಾಗಿದ್ದಾಗಲೇ ತಿನ್ನಬೇಕು.

ಪಾರ್ಸೆಲ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಸಾಲೆ ದೋಸೆ ಪಾರ್ಸೆಲ್ ಮಾಡಿಸಬೇಡಿ. ಪೊಟ್ಟಣದ ಒಳಗೆ ಅದರ ಹಬೆ ಅದನ್ನೇ ಬೇಯಿಸುತ್ತದೆ. ಮನೆ ಮುಟ್ಟುವಷ್ಟರಲ್ಲಿ ಸಿಗುವುದು ತೊಗಲಿನಂತೆ ಎಳೆದರೂ ಹರಿಯದ ವಸ್ತು. ಮೊಬೈಲಿನಲ್ಲಿ ತರಿಸಿ ತಿಂದು ಆ ಹೋಟೆಲ್ ಚೆನ್ನಾಗಿಲ್ಲ ಅನ್ನುವವರಿದ್ದಾರೆ, ಅದು ಅನ್ಯಾಯ. ಇನ್ನು ಬೆಣ್ಣೆ ಅಂತ ಹಳದಿ ಮಾರ್ಗರಿನ್ ಉಂಡೆ ಕೂರಿಸಿ ಕೊಡುವ ಜಾಗಗಳು ಈಗ ಊರ ತುಂಬ ಆಗಿವೆ. ನಮ್ಮ ಮನೆ ಹತ್ತಿರದ ಒಂದರಲ್ಲಿ ತಿಂದು ಸಂಜೆವರೆಗೆ ನಾಲಿಗೆ ಮೇಲೆ ಮೇಣ ಮೆತ್ತಿದ ಹಾಗಿತ್ತು. ನಿಜವಾದ ಬೆಣ್ಣೆ ಬಿಸಿ ದೋಸೆ ಮೇಲೆ ಕರಗಿ ಹರಿಯುತ್ತದೆ, ಗಟ್ಟಿಯಾಗಿ ಕೂತಿರುವುದಿಲ್ಲ. ಅದನ್ನು ನೋಡಿ ತೀರ್ಮಾನ ಮಾಡಿ.

ಇಲ್ಲಿ ಕಾಫಿ ಬೈ ಟು ಸಾಕು. ಎದ್ದು ಜಾಗ ಬಿಡಿ, ಹೊರಗೆ ಇನ್ನೊಬ್ಬರು ಕಾಯುತ್ತಿರುತ್ತಾರೆ.

ಈಗ ನಡೆಯಬೇಕು. ಇದನ್ನು ಬಿಟ್ಟರೆ ಮುಂದಿನ ಇಡ್ಲಿಗೆ ಜಾಗ ಆಗುವುದಿಲ್ಲ. ಗಾಂಧಿಬಜಾರಿನ ಹೂವಿನ ಅಂಗಡಿಗಳ ಮುಂದೆ ಹಾದು, ಬ್ಯೂಗಲ್ ರಾಕ್ ಪಾರ್ಕಿನ ಬಂಡೆ ಹತ್ತಿ, ದೊಡ್ಡ ಗಣಪತಿ, ದೊಡ್ಡ ಬಸವಣ್ಣನನ್ನು ನೋಡಿ ಬನ್ನಿ. ಆತುರವಿಲ್ಲದೆ ಮುಕ್ಕಾಲು ಗಂಟೆ. ಕಾರ್ತಿಕ ಮಾಸದ ಕೊನೇ ಸೋಮವಾರ ಇಲ್ಲೇ ಕಡಲೆಕಾಯಿ ಪರಿಷೆ. ಆ ಸುತ್ತಿನ ದಿನಗಳಲ್ಲಿ ಬಂದರೆ ಈ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಗ ತಿಂಡಿ ಯೋಜನೆ ಕೈಬಿಟ್ಟು ಕಡಲೆಕಾಯಿ ತಿನ್ನಿ.

ಅಲ್ಲಿಂದ ಶಂಕರಮಠದ ಕಡೆ ಬನ್ನಿ. 1965ರಿಂದ ಇರುವ ಬ್ರಾಹ್ಮಿನ್ಸ್ ಕಾಫಿ ಬಾರ್ ನಿಂತು ತಿನ್ನುವ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಇಷ್ಟೇ ಇಲ್ಲಿ ಸಿಗುವುದು. ಸಾಂಬಾರ್ ಕೇಳಬೇಡಿ, ಮಾಡುವುದಿಲ್ಲ. ಬೇಕೂ ಆಗುವುದಿಲ್ಲ. ಇಲ್ಲಿ ಚಟ್ನಿಯೇ ಮುಖ್ಯ. ತಲೆಗೆ ಒಂದು ಇಡ್ಲಿ, ಇಬ್ಬರಿಗೆ ಒಂದು ವಡೆ ತೆಗೆದುಕೊಂಡು, ಚಟ್ನಿಯನ್ನು ಇಡ್ಲಿ ಅರ್ಧ ಮುಳುಗುವಷ್ಟು ಹಾಕಿಸಿಕೊಳ್ಳಿ. ಇಲ್ಲಿ ನನ್ನ ನಿಯಮ ದೋಸೆಗೆ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಇಡ್ಲಿ ಚಟ್ನಿ ಕುಡಿಯಬೇಕು. ಒಂದು ನಿಮಿಷ ಬಿಟ್ಟು ತಳದ ಕಡೆಯಿಂದ ಮುರಿಯಿರಿ. ಮುಗಿದರೆ ತಟ್ಟೆ ಹಿಡಿದು ಹೋಗಿ, ಮತ್ತೆ ಹಾಕುತ್ತಾರೆ. ನಮ್ಮ ಭಾವ ಧಾರವಾಡದಿಂದ ಬಂದಾಗ ಮೂರು ಸಲ ಹೋಗಿದ್ದರು, ನಾಲ್ಕನೇ ಸಲಕ್ಕೆ ಸಂಕೋಚಪಟ್ಟು ನನ್ನನ್ನು ಕಳಿಸಿದರು. ಪೂರ್ತಿ ಕಾಫಿ ಇಲ್ಲಿ ಕುಡಿಯಿರಿ, ರಸ್ತೆ ಬದಿಯ ನೆರಳಲ್ಲಿ ನಿಂತು.

ಈ ಹೊತ್ತಿಗೆ ಯಾರಾದರೂ ಎಂ.ಟಿ.ಆರ್ ಹತ್ತಿರದಲ್ಲೇ ಇದೆಯಲ್ಲ, ಅಲ್ಲಿಗೂ ಹೋಗೋಣ ಅನ್ನುತ್ತಾರೆ. ಬೇಡ. 1924ರಿಂದ ಇರುವ ಹೋಟೆಲ್ ಅದು, ಅದಕ್ಕೆ ಇನ್ನೊಂದು ಬೆಳಿಗ್ಗೆ ಕೊಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದ್ದು ನಾವೇ ಅಂತ ಹೇಳಿಕೊಳ್ಳುವ ಮನೆ. ಗೋಡಂಬಿ ಕೂತ ಆ ರವೆ ಇಡ್ಲಿಯನ್ನು ಸಾಗು, ಬಟ್ಟಲು ತುಪ್ಪದ ಜೊತೆ ಹಸಿದ ಹೊಟ್ಟೆಯಲ್ಲಿ ತಿನ್ನಬೇಕು. ಸೋಮವಾರ ಅವರಿಗೆ ರಜೆ, ನೆನಪಿರಲಿ.

ಅದರ ಬದಲು ಸಜ್ಜನ್ ರಾವ್ ಸರ್ಕಲ್ ಕಡೆ ನಡೆದು ವಿ.ವಿ. ಪುರಂಗೆ ಹೋಗಿ. ತಿಂಡಿಬೀದಿ ಬೆಳಿಗ್ಗೆ ಮಲಗಿರುತ್ತದೆ, ಅದಕ್ಕೆ ಜೀವ ಬರುವುದು ಸಂಜೆ. ನಿಮಗೆ ಬೇಕಾದದ್ದು ವಿ.ಬಿ. ಬೇಕರಿ. ಕಾಲು ಕಿಲೊ ಕಾಂಗ್ರೆಸ್ ಕಡಲೆಕಾಯಿ (ಖಾರ ಮಸಾಲೆ ಬೆರೆಸಿದ ಕಡಲೆಬೀಜ), ತಲೆಗೆ ಒಂದು ಖಾರಾ ಬನ್ ಕಟ್ಟಿಸಿಕೊಳ್ಳಿ. ದೋಸೆಯ ಹಾಗಲ್ಲ, ಇದು ಪಾರ್ಸೆಲ್‌ಗೆ ಕೆಡುವುದಿಲ್ಲ. ಮಧ್ಯಾಹ್ನ ಊಟ ಬಿಟ್ಟುಬಿಡಿ, ಎಲ್ಲರೂ ಮಲಗಿ. ನಾಲ್ಕು ಗಂಟೆಗೆ ಬನ್ ಅಡ್ಡ ಸೀಳಿ, ಬೆಣ್ಣೆ ಸವರಿ, ಕಾದ ಕಾವಲಿ ಮೇಲೆ ಕವುಚಿಟ್ಟು ಅಂಚು ಕೆಂಪಾಗುವವರೆಗೆ ಬಿಡಿ. ಹಸಿಮೆಣಸಿನಕಾಯಿ, ಕೊತ್ತಂಬರಿ ಘಮ ಎದ್ದಾಗ ಕಾಫಿ ಬೆರೆಸಿ ನೆಂಟರನ್ನು ಎಬ್ಬಿಸಿ.