ಸೂಪರ್‌ಮಾರ್ಕೆಟ್‌ಗೆ ಚಟ್ನಿಪುಡಿ ಕೊಡುವ ಮುನ್ನ: ಕವರ್ ಕೊನೆಗೆ ಅಚ್ಚು ಹಾಕಿಸಿ

ಧಾರವಾಡದ ಹತ್ತಿರ ನನಗೆ ಪರಿಚಯದ ಒಂದು ಮಹಿಳಾ ಸಂಘವಿದೆ. ಅವರ ಶೇಂಗಾ ಚಟ್ನಿಪುಡಿಯ ರುಚಿಗೆ ಎರಡು ಮಾತಿಲ್ಲ. ಆದರೆ ಸೂಪರ್‌ಮಾರ್ಕೆಟ್‌ನವರು ಪುಡಿಯ ರುಚಿ ನೋಡುವ ಮೊದಲೇ ಕವರ್ ಓದಿ ವಾಪಸ್ ಕಳಿಸಿದರು. ಅಚ್ಚಾದ ಕವರ್‌ಗಳೆಲ್ಲ ದಂಡ. ಈ ತಪ್ಪು ನಿಮಗಾಗಬಾರದು.

ಮೊದಲು ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಂಬರ್. ಫಾಸ್ಕಾಸ್ ಎಂಬ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ವಹಿವಾಟು ಸಣ್ಣದಾದರೆ ನೋಂದಣಿ, ದೊಡ್ಡದಾದರೆ ಲೈಸೆನ್ಸ್. ಅರ್ಜಿಯಲ್ಲಿ ಯಾವ ಬಗೆಯ ವ್ಯವಹಾರ ಎಂದು ಕೇಳುವ ಜಾಗದಲ್ಲಿ ಹುಷಾರು. ಬೇಗ ಆಗಲಿ ಎಂದು ಏಜೆಂಟರು ಚಿಲ್ಲರೆ ಮಾರಾಟ ಎಂದು ಒತ್ತಿಬಿಡುತ್ತಾರೆ. ನೀವು ಪುಡಿ ಮಾಡುವವರು, ಬರೀ ಮಾರುವವರಲ್ಲ. ತಯಾರಕರು ಎಂದೇ ಇರಬೇಕು. ಏಜೆಂಟರೇ ಬೇಡ ಎನ್ನುವುದು ನನ್ನ ಮಾತು. ಓದಿದ ಮಗಳನ್ನೋ ಸೊಸೆಯನ್ನೋ ಪಕ್ಕಕ್ಕೆ ಕೂರಿಸಿಕೊಂಡು ನೀವೇ ತುಂಬಿ.

ಅಡುಗೆ ಜಾಗಕ್ಕೆ ಕಿಟಕಿಗೆ ಜಾಲರಿ, ತಲೆಗೆ ಟೋಪಿ, ನೀರಿನ ಪರೀಕ್ಷೆಯ ವರದಿ, ಯಾವ ದಿನ ಏನು ಮಾಡಿದಿರಿ ಎಂಬ ಪುಸ್ತಕ. ಇಷ್ಟು ಇಟ್ಟುಕೊಳ್ಳಿ.

ಎಷ್ಟು ದಿನ ಬಾಳುತ್ತದೆ ಎಂಬುದನ್ನು ಪಕ್ಕದವರ ಪ್ಯಾಕೆಟ್ ನೋಡಿ ಬರೆಯಬೇಡಿ. ಶೇಂಗಾದ ಎಣ್ಣೆ ಹಳತಾದರೆ ಕಮಟು ಬರುತ್ತದೆ. ಒಂದೇ ದಿನ ಮಾಡಿದ ಹತ್ತು ಪ್ಯಾಕೆಟ್ ಎತ್ತಿಡಿ, ಹದಿನೈದು ದಿನಕ್ಕೊಂದು ಒಡೆದು ಮೂಸಿ, ತಿಂದು ನೋಡಿ. ಆಮೇಲೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಕೊಡಿ.

ಈಗ ಲೇಬಲ್. ಹೆಚ್ಚಿನವರು ಎಡವುವುದು ಇಲ್ಲೇ.

ಪದಾರ್ಥಗಳನ್ನು ತೂಕದ ಇಳಿಕೆಯಲ್ಲಿ ಬರೆಯಬೇಕು. ಶೇಂಗಾ ಜಾಸ್ತಿ ಇದ್ದರೆ ಅದೇ ಮೊದಲು. 'ಮಸಾಲೆ ಇತ್ಯಾದಿ' ಎಂದು ತೇಲಿಸಬೇಡಿ. ಒಗ್ಗರಣೆಗೆ ಇಂಗು ಹಾಕುತ್ತೀರಾ? ಹಾಗಾದರೆ ಡಬ್ಬಿ ತಿರುಗಿಸಿ ಓದಿ. ಅಂಗಡಿಯ ಇಂಗಿನಲ್ಲಿ ಗೋಂದಿನ ಜೊತೆ ಎಷ್ಟೋ ಸಲ ಮೈದಾ ಇರುತ್ತದೆ. ಅಂದರೆ ನಿಮ್ಮ ಪುಡಿಯಲ್ಲೂ ಗೋಧಿ ಸೇರಿತು. ಕೆಲವರಿಗೆ ಶೇಂಗಾ ಅಲರ್ಜಿ, ಕೆಲವರಿಗೆ ಗೋಧಿ ಆಗುವುದಿಲ್ಲ. ಒಂದು ಚಮಚ ಪುಡಿ ಅವರನ್ನು ಆಸ್ಪತ್ರೆಗೆ ಸೇರಿಸಬಹುದು. 'ಇದರಲ್ಲಿ ಶೇಂಗಾ ಮತ್ತು ಗೋಧಿ ಇದೆ' ಎಂದು ಬೇರೆ ಸಾಲಿನಲ್ಲೇ ಹಾಕಿ. ಇದೊಂದನ್ನು ದಯವಿಟ್ಟು ಮರೆಯಬೇಡಿ. ಇಂಗಿನ ಬ್ರ್ಯಾಂಡ್ ಬದಲಿಸಿದಾಗಲೂ ಮತ್ತೆ ಓದಿ.

'100% ಶುದ್ಧ', 'ಹೋಮ್‌ಮೇಡ್' ಎಂಬ ಮಾತುಗಳು ಬೇಡ. ಇಂಥ ಹೇಳಿಕೆಗಳಿಗೆ 2018ರಿಂದ ಪ್ರತ್ಯೇಕ ನಿಯಮಗಳಿವೆ. ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು. ಜೊತೆಗೆ ಕನ್ನಡದಲ್ಲೂ ಹಾಕಿ, ತಿನ್ನುವವರು ನಮ್ಮವರೇ ಅಲ್ವಾ? ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐ ಲಾಂಛನದ ಜೊತೆ 14 ಅಂಕಿಯ ನಂಬರ್, ವಿಳಾಸ, ಬ್ಯಾಚ್, ತಯಾರಿಸಿದ ದಿನ, ಯಾವ ದಿನದೊಳಗೆ ಬಳಸಬೇಕು, ತೂಕ, ಎಲ್ಲ ತೆರಿಗೆ ಸೇರಿದ ಬೆಲೆ, ದೂರು ಹೇಳಲು ಫೋನ್. ಒಂದು ಗ್ರಾಂಗೆ ಎಷ್ಟು ಎಂಬುದೂ ಬೇಕು: 200 ಗ್ರಾಂಗೆ 100 ರೂಪಾಯಿ ಆದರೆ ಗ್ರಾಂಗೆ 50 ಪೈಸೆ.

ದಿನಾಂಕಕ್ಕೆ ಅಗ್ಗದ ರಬ್ಬರ್ ಸ್ಟ್ಯಾಂಪ್ ಇಂಕ್ ತರಬೇಡಿ. ಎಣ್ಣೆಕೈ ತಾಗಿದರೆ ಅಳಿಸಿಹೋಗುತ್ತದೆ. ಮೊದಲ ಆರು ತಿಂಗಳು ಸಾದಾ ಕವರ್‌ಗೆ ಸ್ಟಿಕ್ಕರ್ ಸಾಕು. ಒಂದಕ್ಷರ ತಪ್ಪಿದರೂ ಕವರ್ ರಾಶಿ ಎಸೆಯಬೇಕಿಲ್ಲ.

ಬಾರ್‌ಕೋಡ್ ಕೇಳಿದರೆ ಬಾರ್‌ಕೋಡ್ ನಂಬರ್ ಕೊಡುವ ಜಿಎಸ್1 ಇಂಡಿಯಾ ಸಂಸ್ಥೆಯಿಂದ ಪಡೆಯಿರಿ, ಅದು 890ರಿಂದ ಶುರುವಾಗುತ್ತದೆ. ಸುಮ್ನೆ ಇಂಟರ್ನೆಟ್‌ನಿಂದ ಇಳಿಸಿಕೊಂಡ ಗೆರೆಗಳು ಬಿಲ್ಲಿಂಗ್‌ನಲ್ಲಿ ಬೇರೆಯವರ ಮಾಲು ತೋರಿಸಬಹುದು. ನಿಮ್ಮ ಬಿಲ್ಲಿನ ಮೇಲೂ ಎಫ್‌ಎಸ್‌ಎಸ್‌ಎಐ ನಂಬರ್ ಇರಲಿ, 2022ರ ಜನವರಿಯಿಂದ ಅದು ಕಡ್ಡಾಯ.

ಮಾಲು ಕೊಡಲು ಹೊರಡುವ ಹಿಂದಿನ ದಿನ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಪ್ಯಾಕೆಟ್ ಮೇಲಿನ 14 ಅಂಕಿಯ ನಂಬರ್ ಹಾಕಿ ನೋಡಿ. ನಿಮ್ಮದೇ ಹೆಸರು, ವಿಳಾಸ ಬಂದರೆ ಪ್ರಮಾಣಪತ್ರ, ಲ್ಯಾಬ್ ವರದಿ, ಸೀಲ್ ಮಾಡಿದ ಎರಡು ಪ್ಯಾಕೆಟ್ ಹಿಡಿದುಕೊಂಡು ಹೊರಡಿ.